ಹಾಯಿದೋಣಿ, ಎರಡು ಬೆಕ್ಕು, ಒಂದು ಬಾಡಿಗೆ ಮನೆ

ಹೋದ ಸೆಮಿಸ್ಟರ್ ನೆಟ್‌ವರ್ಕ್ ಅನಾಲಿಸಿಸ್ ಇಂಟರ್ನಲ್ಸ್‌ನ ಹಿಂದಿನ ರಾತ್ರಿ ಒಂದೂವರೆಗೆ ನಾನು ಏನು ಮಾಡ್ತಿದ್ದೆ ಅಂತ ಹೇಳಿದ್ರೆ ನಗ್ತೀರಿ. ಹಾಸ್ಟೆಲ್ ಮಂಚದ ಮೇಲೆ ಮುಸುಕು ಹಾಕ್ಕೊಂಡು, ಇಯರ್‌ಫೋನ್ ಸಿಕ್ಕಿಸ್ಕೊಂಡು, ಯಾವುದೋ ಸಮುದ್ರದಲ್ಲಿ ಯಾರೋ ಒಬ್ಬಳು ತನ್ನ ಹಾಯಿದೋಣಿಯೊಳಗೆ ಬೆಕ್ಕಿನ ಮರಳಿನ ಡಬ್ಬಿ ಕ್ಲೀನ್ ಮಾಡೋದನ್ನ ನೋಡ್ತಿದ್ದೆ. ಹದಿನೆಂಟು ನಿಮಿಷದ ವಿಡಿಯೋ. ಪೂರ್ತಿ ನೋಡಿದೆ. ನೀರು ಕುಡಿಯೋಕೆ ಎದ್ದ ರೂಮ್‌ಮೇಟ್ ನನ್ನ ಮೊಬೈಲ್ ಇಣುಕಿ, "ಥೆವೆನಿನ್ ಥಿಯರಂ ಬಿಟ್ಟು ಬೆಕ್ಕಿನ ಕಕ್ಕ ನೋಡ್ತಿದ್ದೀಯಲ್ಲೇ, ಏನಾಗಿದೆ ನಿಂಗೆ?" ಅಂದಳು.

"ಸುಮ್ನೆ ಕಣೇ" ಅಂದೆ.

ಸುಮ್ನೆ ಆಗಿರಲಿಲ್ಲ. ಏನಾಗಿತ್ತು ಅನ್ನೋದನ್ನ ಈಗ ಬರೀತಿದ್ದೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮನೆಯಲ್ಲಿ ಮಾತಾಡಿದ್ದೇ ಹೊರತು ಬರೆದದ್ದು ಪರೀಕ್ಷೆಗೆ ಮಾತ್ರ. ಇದನ್ನ ಇಂಗ್ಲಿಷಲ್ಲಿ ಬರೆಯೋಕೆ ಎರಡು ಸಲ ಕೂತೆ. ಬರೆದದ್ದನ್ನ ಓದಿದ್ರೆ ಬೇರೆ ಯಾರದೋ ಮನೆ ಕತೆ ಥರ ಇತ್ತು. ಹಾಗಾಗಿ ಕನ್ನಡ. ಒತ್ತು, ದೀರ್ಘ ತಪ್ಪಿದ್ರೆ ಸಹಿಸ್ಕೊಳ್ಳಿ.

ಮೊದಲು ದೋಣಿಯ ವಿಷಯ ಹೇಳ್ತೀನಿ.

ಯಾಟ್ ಅಂದ್ರೆ ನಮ್ಮ ತಲೆಗೆ ಬರೋದು ಸಿನಿಮಾದಲ್ಲಿ ವಿಲನ್ ಪಾರ್ಟಿ ಮಾಡೋ ಬಿಳಿ ಹಡಗು. ನಾನು ಹೇಳ್ತಿರೋದು ಅದಲ್ಲ. 1960-70ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡ್ ಕಡೆ ಫೈಬರ್‌ಗ್ಲಾಸ್‌ನ ಸಣ್ಣ ಹಾಯಿದೋಣಿಗಳನ್ನ ರಾಶಿ ರಾಶಿ ಕಟ್ಟಿದರು. ಫೈಬರ್‌ಗ್ಲಾಸ್ ಮರದ ಹಾಗೆ ಹುಳ ಹಿಡಿಯಲ್ಲ, ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ. ಹಾಗಾಗಿ ಕೊಂಡವರಿಗೆ ವಯಸ್ಸಾದರೂ ದೋಣಿಗಳು ಉಳಿದುಬಿಟ್ಟವು. ಇವತ್ತಿಗೂ 27ರಿಂದ 32 ಅಡಿಯ ಹಳೇ ದೋಣಿ ಅಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ರೇಟಿಗೆ ಸಿಗುತ್ತೆ. ಮನೆ ಬಾಡಿಗೆ ಕಟ್ಟೋಕಾಗದವರು, ಕೆಲಸ ಬಿಟ್ಟವರು, ರಿಟೈರ್ ಆದವರು, ಕೆಲವರು ಬರೀ ಹುಚ್ಚಿಗೆ, ಅಂಥದ್ದೊಂದನ್ನ ಕೊಂಡು ಅದರಲ್ಲೇ ಸಂಸಾರ ಹೂಡ್ತಾರೆ. ಜೊತೆಗೆ ಬೆಕ್ಕು.

ಒಳಗೆ ಎಷ್ಟು ಜಾಗ ಅಂದ್ರೆ, ನಮ್ಮ ಹಾಸ್ಟೆಲ್ ರೂಮೇ ವಾಸಿ. ಎರಡು ಬರ್ನರ್ ಸ್ಟವ್, ಒಂದು ಸಿಂಕ್, ರಾತ್ರಿ ಹಾಸಿಗೆಯಾಗೋ ಊಟದ ಟೇಬಲ್, ಮುಂದಿನ ಚೂಪು ಮೂತಿಯಲ್ಲಿ ತ್ರಿಕೋನದ ಒಂದು ಮಂಚ. ಸ್ಪೀಡಂತೂ ಕೇಳಬೇಡಿ. ಇಂಥ ದೋಣಿಯ ವೇಗಕ್ಕೆ ಒಂದು ಅಂದಾಜು ಸೂತ್ರ ಇದೆ: ನೀರಿಗೆ ತಾಗೋ ಉದ್ದವನ್ನ ಅಡಿಯಲ್ಲಿ ತಗೊಂಡು, ಅದರ ವರ್ಗಮೂಲವನ್ನ 1.34ರಿಂದ ಗುಣಿಸಿದ್ರೆ ಎಷ್ಟೋ ಅಷ್ಟು ನಾಟ್. 25 ಅಡಿ ಇದ್ರೆ 6.7 ನಾಟ್, ಅಂದ್ರೆ ಗಂಟೆಗೆ ಸುಮಾರು 12 ಕಿಲೋಮೀಟರ್. ಪೀಕ್ ಅವರ್‌ನಲ್ಲಿ ಮೆಜೆಸ್ಟಿಕ್‌ಗೆ ಹೋಗೋ ನಮ್ಮ ಬಸ್ಸಿನ ಸ್ಪೀಡ್. ಅದೇ ಸ್ಪೀಡಲ್ಲಿ ಜನ ಭೂಮಿ ಸುತ್ತಿ ಬಂದಿದ್ದಾರೆ.

ಲಿನ್ ಮತ್ತು ಲ್ಯಾರಿ ಪಾರ್ಡಿ ಅಂತ ಗಂಡ ಹೆಂಡತಿ ಇದ್ದರು. ಕ್ಯಾಲಿಫೋರ್ನಿಯಾದಲ್ಲಿ ತಾವೇ ಮರದ ದೋಣಿ ಕಟ್ಟಿ 1968ರಲ್ಲಿ ನೀರಿಗೆ ಇಳಿಸಿದರು. ಹೆಸರು ಸೆರಾಫಿನ್, ಉದ್ದ 24 ಅಡಿ ಚಿಲ್ಲರೆ. ಇಂಜಿನ್ ಇಲ್ಲ, ಸೀಮೆಎಣ್ಣೆ ದೀಪ. ಹೋದ ಹೋದ ಬಂದರಿನಲ್ಲಿ ಬೇರೆಯವರ ದೋಣಿ ರಿಪೇರಿ ಮಾಡಿ, ಪತ್ರಿಕೆಗಳಿಗೆ ಬರೆದು, ಸಿಕ್ಕ ದುಡ್ಡಲ್ಲಿ ಮುಂದಕ್ಕೆ ಹೋಗ್ತಾ ಹನ್ನೊಂದು ವರ್ಷದಲ್ಲಿ ಪ್ರಪಂಚ ಸುತ್ತಿದರು. ಈಚಿನವರಲ್ಲಿ ಲಿಜ್ ಕ್ಲಾರ್ಕ್ ಅಂತ ಒಬ್ಬಳಿದ್ದಾಳೆ. ಸ್ವೆಲ್ ಅನ್ನೋ 40 ಅಡಿ ಹಳೇ ದೋಣಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಹೊರಟು ಫ್ರೆಂಚ್ ಪಾಲಿನೇಷ್ಯಾದವರೆಗೆ ಹೋದಳು. ಅಲ್ಲಿ ಒಂದು ಅನಾಥ ಬೆಕ್ಕು ಸಿಕ್ಕಿತು. ಅಮೇಲಿಯಾ ಅಂತ ಹೆಸರಿಟ್ಟು ದೋಣಿಗೆ ಹತ್ತಿಸ್ಕೊಂಡಳು.

ಒಂದು ವಿಡಿಯೋದಿಂದ ಇನ್ನೊಂದಕ್ಕೆ, ಇದೆಲ್ಲ ಓದ್ತಾ ನೋಡ್ತಾ ನಾನು ಎರಡು ತಿಂಗಳು ಕಳೆದೆ. ಯಾಕೆ ಅಂದ್ರೆ, ಆ ಎರಡು ತಿಂಗಳಲ್ಲಿ ನಮ್ಮ ಮನೆ ಹೋಯಿತು.

ನಮ್ಮದು ಶಿವಮೊಗ್ಗ. ವಿನೋಬನಗರದಲ್ಲಿ ಸ್ವಂತ ಮನೆ ಇತ್ತು. ಹಿತ್ತಿಲಲ್ಲಿ ಒಂದು ನುಗ್ಗೆ ಮರ, ಎರಡು ಪೇರಲೆ. ಅಪ್ಪನದು ಸಣ್ಣ ಪ್ರಿಂಟಿಂಗ್ ಪ್ರೆಸ್: ಮದುವೆ ಕಾರ್ಡು, ಬಿಲ್ ಬುಕ್ಕು, ಪಾಂಪ್ಲೆಟ್. 2020ರಲ್ಲಿ ಮದುವೆಗಳು ನಿಂತವು. ಮದುವೆಗಳು ವಾಪಸ್ ಬಂದಾಗ ಕಾರ್ಡು ವಾಟ್ಸಾಪಿಗೆ ಹೋಗಿತ್ತು. ಮಷಿನ್ ಮೇಲೆ ಲೋನು, ಮನೆ ಮೇಲೆ ಲೋನು. ದಸರಾ ರಜೆ ಮುಗಿಸಿ ನಾನು ಹಾಸ್ಟೆಲ್‌ಗೆ ಬಂದ ವಾರಕ್ಕೆ ಅಮ್ಮ ಫೋನ್ ಮಾಡಿ, "ಮನೆ ಕೊಟ್ಬಿಟ್ವಿ ಪುಟ್ಟಾ. ಗೋಪಾಳದಲ್ಲಿ ಒಂದು ಬಾಡಿಗೆ ಮನೆ ನೋಡಿದ್ದೀವಿ, ಮೇಲಿನ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ" ಅಂದಳು. ನಾನು "ಎಷ್ಟು ರೂಮು?" ಅಂದೆ. "ಒಂದು" ಅಂದಳು. ಆಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ.

ಆ ವೀಕೆಂಡ್ ಕ್ಲಾಸಿನ ಮೂರ್ನಾಲ್ಕು ಜನ ಜೋಗಕ್ಕೆ ಹೋಗೋ ಪ್ಲ್ಯಾನ್ ಹಾಕಿ, ಮೊದಲ ರಾತ್ರಿ ನಿಮ್ಮನೇಲಿ ಉಳಿಯೋಣ ಅಂದರು. "ಇಲ್ಲಪ್ಪ, ನಮ್ಮನೇಲಿ ರಿನೋವೇಶನ್ ನಡೀತಿದೆ" ಅಂದೆ. ಬಾಯಿಂದ ತಾನಾಗೇ ಬಂತು. ಆಮೇಲೆ ಯಾರು ಕೇಳಿದರೂ ರಿನೋವೇಶನ್. ಬಣ್ಣ ಯಾವುದು ಅಂತ ಒಬ್ಬಳು ಕೇಳಿದಾಗ ತಿಳಿ ಹಸಿರು ಅಂತಲೂ ಹೇಳಿದ್ದೇನೆ.

ಈಗ ಗೊತ್ತಾಯ್ತಲ್ಲ, ಒಂದು ರೂಮಿನಷ್ಟು ಜಾಗದಲ್ಲಿ ಎರಡು ಬೆಕ್ಕು ಇಟ್ಕೊಂಡು ಖುಷಿಯಾಗಿರೋ ಜನರನ್ನ ರಾತ್ರಿ ಒಂದೂವರೆಗೆ ನಾನು ಯಾಕೆ ನೋಡ್ತಿದ್ದೆ ಅಂತ. ನಮ್ಮ ಮನೆಯಲ್ಲೂ ಎರಡು ಬೆಕ್ಕು: ಚಿನ್ನು, ಬೋಂಡ.

ಮೊದಮೊದಲು ಸುಮ್ನೆ ನೋಡ್ತಿದ್ದೆ. ಆಮೇಲೆ ನನ್ನೊಳಗಿನ ಇಂಜಿನಿಯರ್ ಎದ್ದಳು. ಲ್ಯಾಪ್‌ಟಾಪಲ್ಲಿ ಎಕ್ಸೆಲ್ ತೆಗೆದು ಮೂರು ಶೀಟ್ ಮಾಡಿದೆ: ಕರೆಂಟು, ನೀರು, ದುಡ್ಡು. ಮೂವತ್ತು ಅಡಿ ದೋಣಿ, ಇಬ್ಬರು ಮನುಷ್ಯರು, ಎರಡು ಬೆಕ್ಕು.

ಕರೆಂಟು. ದೋಣಿಯ ಮೇಲೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ಇದೆ ಅಂದ್ಕೊಳ್ಳಿ. ದಿನಕ್ಕೆ ನಾಲ್ಕೂವರೆ ಗಂಟೆ ಒಳ್ಳೇ ಬಿಸಿಲು ಅಂತ ಹಿಡಿದ್ರೆ 900 ವ್ಯಾಟ್ ಅವರ್. ನೆರಳು, ಬಿಸಿ, ವೈರಿನ ನಷ್ಟ ಕಳೆದು 700 ಕೈಗೆ ಸಿಗುತ್ತೆ ಅನ್ನೋಣ. 12 ವೋಲ್ಟ್ ಸಿಸ್ಟಮ್ಮಲ್ಲಿ ಅದು 58 ಆಂಪಿಯರ್ ಅವರ್. ಒಂದು ಪುಟ್ಟ ಫ್ರಿಜ್ ಒಂದೇ ದಿನಕ್ಕೆ 40 ನುಂಗುತ್ತೆ. ಉಳಿದ 18ರಲ್ಲಿ ದೀಪ, ಫೋನು, ರೇಡಿಯೋ, ಪಂಪು ಎಲ್ಲ. ಎರಡು ದಿನ ಮೋಡ ಮುಚ್ಚಿದ್ರೆ? ಹಳೇ ಲೆಡ್ ಆಸಿಡ್ ಬ್ಯಾಟರಿಯನ್ನ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಅದರ ಆಯಸ್ಸು ಮುಗೀತು. 100 ಅಂತ ಬರೆದಿದ್ರೂ ನಮ್ಮದು 50 ಮಾತ್ರ. ಹಾಗಾಗಿ ಕಡಿಮೆ ದುಡ್ಡಿನ ದೋಣಿಗಳಲ್ಲಿ ಎಷ್ಟೋ ಜನ ಫ್ರಿಜ್ಜೇ ಇಟ್ಟುಕೊಳ್ಳಲ್ಲ.

ನೀರು. 200 ಲೀಟರ್ ಟ್ಯಾಂಕು. ಒಬ್ಬೊಬ್ಬರಿಗೆ ದಿನಕ್ಕೆ 5 ಲೀಟರ್, ಒಂದೊಂದು ಬೆಕ್ಕಿಗೆ 200 ಮಿಲಿಲೀಟರ್. ಒಟ್ಟು 10.4. ಹತ್ತೊಂಬತ್ತು ದಿನ ಬರುತ್ತೆ. ಅದಕ್ಕೆ ಪಾತ್ರೆಯನ್ನ ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಒಂದು ಲೋಟ ಸಿಹಿ ನೀರು ಚಿಮುಕಿಸ್ತಾರೆ. ಕಾಲಲ್ಲಿ ಒತ್ತೋ ಪಂಪು, ಒತ್ತಿದಷ್ಟೇ ನೀರು. ಬೆಳಗ್ಗೆ ಎರಡು ಬಕೆಟ್ ಸುರ್ಕೊಂಡು ಬರೋ ನಾನು ಒಂದೇ ಸ್ನಾನದಲ್ಲಿ ಆ ದೋಣಿಯ ನಾಲ್ಕು ದಿನದ ನೀರು ಮುಗಿಸ್ತೀನಿ.

ದುಡ್ಡು. ದೋಣಿ ಕೊಳ್ಳೋದು ಅಗ್ಗ, ಇಟ್ಟುಕೊಳ್ಳೋದು ದುಬಾರಿ. ಮರೀನಾದಲ್ಲಿ ಕಟ್ಟಿಹಾಕಿದ್ರೆ ಅಡಿ ಲೆಕ್ಕದಲ್ಲಿ ಬಾಡಿಗೆ. ಕಡಿಮೆ ದುಡ್ಡಿನವರು ಸಾಧ್ಯವಾದ ಕಡೆ ದಡದಿಂದ ದೂರ ಲಂಗರು ಹಾಕ್ತಾರೆ, ಎಷ್ಟೋ ಕಡೆ ಅದಕ್ಕೆ ಬಾಡಿಗೆ ಇಲ್ಲ. ಆದ್ರೆ ಪುಕ್ಕಟೆ ಅಲ್ಲ. ಆಳದ ಐದು ಪಟ್ಟು ಸರಪಳಿ ಬಿಡಬೇಕು, ರಾತ್ರಿ ಗಾಳಿ ತಿರುಗಿದ್ರೆ ಎದ್ದು ನೋಡಬೇಕು, ತರಕಾರಿಗೆ ಪುಟ್ಟ ದೋಣಿ ಹುಟ್ಟು ಹಾಕ್ಕೊಂಡು ಹೋಗಬೇಕು. ವರ್ಷಕ್ಕೋ ಎರಡು ವರ್ಷಕ್ಕೋ ದೋಣಿಯನ್ನ ದಡಕ್ಕೆ ಎತ್ತಿಸಿ ತಳಕ್ಕೆ ಪಾಚಿ, ಚಿಪ್ಪು ಹತ್ತದ ಬಣ್ಣ ಬಳಿಯಬೇಕು. ಹಾಯಿ ಹರಿಯುತ್ತೆ, ಕಂಬ ಹಿಡಿದಿರೋ ತಂತಿ ಹಳತಾಗುತ್ತೆ. ಬೋಟ್ ಅನ್ನೋದರ ಫುಲ್ ಫಾರ್ಮ್ 'ಬ್ರೇಕ್ ಔಟ್ ಅನದರ್ ಥೌಸಂಡ್' ಅಂತ ಅವರದೇ ಜೋಕು. ಇನ್ನೊಂದು ಸಾವಿರ ಡಾಲರ್ ತೆಗಿ ಅಂತ.

ಶೀಟ್ ತುಂಬಿಸ್ತಾ ಹೋದ ಹಾಗೆ ಒಂದು ವಿಷಯ ಗಮನಕ್ಕೆ ಬಂತು. ಈ ಜನ ಲೆಕ್ಕವನ್ನ ಮುಚ್ಚಿಡಲ್ಲ. ಬ್ಯಾಟರಿ ಎಷ್ಟಿದೆ ಅಂತ ಗೋಡೆ ಮೇಲೇ ಮೀಟರು. ನೀರು ಎಷ್ಟಿದೆ ಅಂತ ಮನೆಯವರಿಗೆಲ್ಲ ಗೊತ್ತು. ಈ ತಿಂಗಳು ಇಷ್ಟು ಖರ್ಚಾಯ್ತು, ಇಷ್ಟು ಕಮ್ಮಿ ಬಿತ್ತು ಅಂತ ಲಕ್ಷಾಂತರ ಜನರ ಎದುರು ಹೇಳ್ತಾರೆ. ನಾಚಿಕೆ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಇಷ್ಟು ವರ್ಷ ಅಪ್ಪನ ಬೀರುವಿನ ಆ ಒಂದು ಖಾನೆಗೆ ಯಾವಾಗಲೂ ಬೀಗ.

ಹೀಗೇ ಒಂದು ರಾತ್ರಿ ಬಿಲ್ಜ್ ಬಗ್ಗೆ ಓದಿದೆ. ಬಿಲ್ಜ್ ಅಂದ್ರೆ ದೋಣಿಯ ನೆಲದ ಹಲಗೆಗಳ ಕೆಳಗಿನ ತಗ್ಗು. ಎಲ್ಲಿಂದ ನೀರು ಸೋರಿದ್ರೂ ಕೊನೆಗೆ ಬಂದು ನಿಲ್ಲೋದು ಅಲ್ಲಿ. ಹಳೇ ದೋಣಿ ಅಂದಮೇಲೆ ಸ್ವಲ್ಪ ನೀರು ಬರುತ್ತೆ. ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗೋ ಕಡೆಯ ಹಳೇ ಮಾದರಿ ಸೀಲು, ಶಾಫ್ಟ್ ತಿರುಗುವಾಗ ತೊಟ್ಟು ತೊಟ್ಟು ಸೋರಲಿ ಅಂತಲೇ ಮಾಡಿರೋದು. ಅದಕ್ಕೆ ಅನುಭವ ಇರೋರು ದಿನಾ ಹಲಗೆ ಎತ್ತಿ ನೋಡ್ತಾರೆ. ನೀರು ಹೆಚ್ಚಾಗಿದ್ರೆ ಬೆರಳು ಅದ್ದಿ ನಾಲಿಗೆಗೆ ಇಡ್ತಾರೆ. ಉಪ್ಪಿದ್ರೆ ಸಮುದ್ರ ಒಳಗೆ ಬರ್ತಿದೆ. ಸಪ್ಪೆ ಇದ್ರೆ ನಮ್ಮದೇ ಟ್ಯಾಂಕು ಸೋರ್ತಿದೆ.

ನೀರು ಎತ್ತೋಕೆ ಆಟೋಮ್ಯಾಟಿಕ್ ಪಂಪ್ ಇರುತ್ತೆ. ನಮ್ಮ ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ಸ್ವಿಚ್ ಥರದ್ದೇ. ನೀರು ಏರಿದ್ರೆ ಆನ್, ಇಳಿದ್ರೆ ಆಫ್. ಬಹಳ ಅನುಕೂಲ. ಆದ್ರೆ ಅದರಲ್ಲೇ ಒಂದು ಅಪಾಯ ಇದೆ. ಸೋರಿಕೆ ದಿನೇ ದಿನೇ ಹೆಚ್ಚಾಗ್ತಿದ್ರೂ ಪಂಪ್ ಎತ್ತಿ ಎತ್ತಿ ಹೊರಗೆ ಹಾಕ್ತಿರುತ್ತೆ. ಒಳಗೆ ನೆಲ ಒಣಗಿರುತ್ತೆ, ಹಾಸಿಗೆ ಒಣಗಿರುತ್ತೆ, ಯಾರಿಗೂ ಏನೂ ಗೊತ್ತಾಗಲ್ಲ. ಒಂದು ದಿನ ಬ್ಯಾಟರಿ ಖಾಲಿಯಾಗುತ್ತೆ, ಪಂಪ್ ನಿಲ್ಲುತ್ತೆ. ಬಿರುಗಾಳಿ ಇಲ್ಲ, ಬಂಡೆ ಇಲ್ಲ, ಕಟ್ಟಿಹಾಕಿದ ಜಾಗದಲ್ಲೇ ದೋಣಿ ಮುಳುಗುತ್ತೆ. ಅದಕ್ಕೇ ಹುಷಾರಿರೋರು ಪಂಪ್ ದಿನಕ್ಕೆ ಎಷ್ಟು ಸಲ ಆನ್ ಆಯ್ತು ಅಂತ ಎಣಿಸೋ ಒಂದು ಕೌಂಟರ್ ಹಾಕ್ಕೊಳ್ತಾರೆ.

ಅದನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿದೆ.

ಅಪ್ಪ ಮೂರು ವರ್ಷ ಇದನ್ನೇ ಮಾಡಿದ್ದ. ಬ್ಯಾಂಕಿನ ಇಎಂಐ ಕಟ್ಟೋಕೆ ಚೀಟಿ ಎತ್ತಿದ. ಚೀಟಿ ಕಟ್ಟೋಕೆ ಕೈಸಾಲ ಮಾಡಿದ. ಕೈಸಾಲ ತೀರಿಸೋಕೆ ಅಮ್ಮನ ಬಳೆ. ನನ್ನ ಕಾಲೇಜು ಫೀಸು ಟೈಮಿಗೆ ಸರಿಯಾಗಿ ಬಂತು, ಹಬ್ಬಕ್ಕೆ ಹೊಸ ಬಟ್ಟೆ ಬಂತು, ನೆಲ ಒಣಗಿಯೇ ಇತ್ತು. ಅಪ್ಪ ಮೋಸ ಮಾಡಲಿಲ್ಲ. ನಮಗೆ ನೀರು ಕಾಣದ ಹಾಗೆ ನೋಡ್ಕೊಂಡ ಅಷ್ಟೇ. ನನಗೆ ಸಿಟ್ಟು ಬಂತು. ಆಮೇಲೆ ರಿನೋವೇಶನ್ ನೆನಪಾಯ್ತು. ನಾನೂ ಅದನ್ನೇ ಮಾಡ್ತಿದ್ದೆ.

ಇನ್ನು ಬೆಕ್ಕಿನ ವಿಷಯ. ದೋಣಿಯಲ್ಲಿ ಬೆಕ್ಕು ಸಾಕೋದು ಹೊಸದೇನಲ್ಲ. ಇಲಿ ಹಿಡಿಯಲಿ ಅಂತ ಹಿಂದಿನಿಂದಲೂ ಹಡಗುಗಳಲ್ಲಿ ಇಟ್ಟುಕೊಳ್ತಿದ್ದರು. ಮ್ಯಾಥ್ಯೂ ಫ್ಲಿಂಡರ್ಸ್ ಅನ್ನೋ ಇಂಗ್ಲಿಷ್ ನಾವಿಕನ ಬೆಕ್ಕು ಟ್ರಿಮ್ 1799ರಲ್ಲಿ ಹಡಗಿನಲ್ಲೇ ಹುಟ್ಟಿದ್ದು. ಮರಿಯಾಗಿದ್ದಾಗ ಒಮ್ಮೆ ಸಮುದ್ರಕ್ಕೆ ಬಿದ್ದು, ಈಜಿ, ಹಗ್ಗ ಹಿಡಿದು ಮೇಲೆ ಹತ್ತಿ ಬಂತಂತೆ. ಫ್ಲಿಂಡರ್ಸ್ ಜೊತೆ ಆಸ್ಟ್ರೇಲಿಯಾ ಸುತ್ತಿತು. ಆತ ಮಾರಿಷಸ್‌ನಲ್ಲಿ ಫ್ರೆಂಚರ ಸೆರೆ ಸಿಕ್ಕಾಗ ಟ್ರಿಮ್ ಅಲ್ಲೇ ಕಾಣೆಯಾಯ್ತು. ಆತ ಸೆರೆಯಲ್ಲಿ ಕೂತು ಆ ಬೆಕ್ಕಿನ ಜೀವನಚರಿತ್ರೆ ಬರೆದ. ಈಗ ಸಿಡ್ನಿಯ ಲೈಬ್ರರಿಯ ಕಿಟಕಿಯೊಂದರ ಕಟ್ಟೆ ಮೇಲೆ ಟ್ರಿಮ್‌ನ ಕಂಚಿನ ಪ್ರತಿಮೆ ಇದೆ.

ಇವತ್ತಿನ ದೋಣಿಯವರು ಆ ಹಗ್ಗವನ್ನ ಮರೆತಿಲ್ಲ. ಬಿದ್ದ ಬೆಕ್ಕು ಉಗುರು ಸಿಕ್ಕಿಸಿ ಹತ್ತಲಿ ಅಂತ ಹಳೇ ಟವೆಲ್ಲೋ ದಪ್ಪ ಹಗ್ಗವೋ ನೀರಿಗೆ ಮುಟ್ಟೋ ಹಾಗೆ ಇಳಿಬಿಟ್ಟಿರ್ತಾರೆ. ಸುತ್ತಲಿನ ಕಂಬಿಗೆ ಬಲೆ ಕಟ್ತಾರೆ. ಅಲೆ ಜೋರಾದ್ರೆ ಬೆಕ್ಕಿಗೂ ಹೊಟ್ಟೆ ತೊಳಸುತ್ತೆ, ಜೊಲ್ಲು ಸುರಿಸುತ್ತೆ, ಹೋಗಿ ದೋಣಿಯ ನಡುವೆ ಎಲ್ಲಕ್ಕಿಂತ ತಗ್ಗಿನ ಜಾಗ ಹುಡುಕಿ ಮಲಗುತ್ತೆ. ಅಲ್ಲೇ ಅಲುಗಾಟ ಕಡಿಮೆ ಅಂತ ಅದಕ್ಕೆ ಯಾರೂ ಫಿಸಿಕ್ಸ್ ಹೇಳಿಕೊಟ್ಟಿಲ್ಲ. ದುಡ್ಡಿಗಿಂತ ಹೆಚ್ಚಾಗಿ ತಲೆನೋವು ಕಾಗದಪತ್ರ. ರೇಬಿಸ್ ಇಲ್ಲದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಿಗೆ ಬೆಕ್ಕು ಕರ್ಕೊಂಡು ಹೋದ್ರೆ ಮೈಕ್ರೋಚಿಪ್ಪು, ರಕ್ತಪರೀಕ್ಷೆ, ಕ್ವಾರಂಟೈನು. ಬೆಕ್ಕಿಗೋಸ್ಕರ ದಾರಿಯನ್ನೇ ಬದಲಾಯಿಸಿದವರಿದ್ದಾರೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಆಗಿದ್ದು ಬೇರೆ. ಬೆಕ್ಕು ಜಾಗಕ್ಕೆ ಅಂಟಿಕೊಳ್ಳೋ ಪ್ರಾಣಿ. ಮನೆ ಬದಲಾಯಿಸಿದ್ರೆ ಹಳೇ ಮನೆಗೆ ಓಡುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ದಳು. ಹಾಗಿದ್ರೆ ದಿನಕ್ಕೊಂದು ಊರು ನೋಡೋ ದೋಣಿಯ ಬೆಕ್ಕು ಹೇಗೆ ಸುಮ್ನಿರುತ್ತೆ? ಅದರ ಮಟ್ಟಿಗೆ ಮನೆ ಬದಲಾಗೋದೇ ಇಲ್ಲ. ಅದೇ ಮಂಚ, ಅದೇ ವಾಸನೆ, ಅದೇ ಜನ. ಊರು ತಾನೇ ಬದಲಾಗೋದು? ಬದಲಾಗ್ಲಿ ಬಿಡು ಅಂತ ಮಲಗುತ್ತೆ.

ಜನವರಿಯಲ್ಲಿ ಸೆಮಿಸ್ಟರ್ ರಜೆಗೆ ಹೋದೆ. ಶಿವಮೊಗ್ಗದಲ್ಲಿ ಇಳಿದು ಮೊದಲ ಸಲ ಗೋಪಾಳ ಅಂತ ಆಟೋದವರಿಗೆ ಹೇಳಿದೆ. ಮೆಟ್ಟಿಲು ಹತ್ತಿದ್ರೆ ಬಾಗಿಲಲ್ಲೇ ಚಿನ್ನು. ಒಳಗೆ ಎಲ್ಲ ನಮ್ಮ ಸಾಮಾನೇ, ಆದ್ರೆ ಒಂದರ ಮೇಲೊಂದು. ಫ್ರಿಜ್ಜಿನ ಮೇಲೆ ಮಿಕ್ಸಿ, ಮಂಚದ ಕೆಳಗೆ ಪ್ರೆಸ್ಸಿನ ಫೈಲುಗಳು.

"ಬೋಂಡ ಎಲ್ಲಿ?"

ಅಮ್ಮ ಅಡುಗೆಮನೆಗೆ ಹೋದಳು. ಫೋನಲ್ಲಿ ಕೇಳಿದಾಗಲೆಲ್ಲ "ಮಲಗಿದಾನೆ", "ಈಗ ತಾನೇ ತಿಂದ" ಅಂತಿದ್ದಳು. ಮನೆ ಬದಲಾಯಿಸಿದ ಮೂರನೇ ದಿನವೇ ಬೋಂಡ ಹೋಗಿದ್ದ. ಪರೀಕ್ಷೆ ಇದೆ ಅಂತ ನನಗೆ ಹೇಳಿರಲಿಲ್ಲ. ಹಳೇ ಬೀದಿಯ ಆಂಟಿಯೊಬ್ಬರು ಫೋನ್ ಮಾಡಿ, ನಿಮ್ಮ ಬೆಕ್ಕು ನಿಮ್ಮ ಹಳೇ ಮನೆ ಕಾಂಪೌಂಡ್ ಮೇಲೆ ಕೂತಿರುತ್ತೆ ಅಂದಿದ್ದರಂತೆ. ಅಪ್ಪ ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ ಅಂತ ಎರಡು ತಿಂಗಳಾಗಿತ್ತು.

ಆ ರಾತ್ರಿ ನಾನು ಅಮ್ಮನಿಗೆ ದೋಣಿ ವಿಡಿಯೋ ತೋರಿಸಿದೆ. ನೋಡು, ಇವರು ನಮಗಿಂತ ಸಣ್ಣ ಜಾಗದಲ್ಲಿದ್ದಾರೆ. ನೋಡು, ಮಂಚದ ಕೆಳಗೆ ಹೇಗೆ ಡಬ್ಬ ಜೋಡಿಸಿದ್ದಾರೆ. ನೋಡು, ಗೋಡೆಗೆ ಬಲೆ ಕಟ್ಟಿ ಈರುಳ್ಳಿ ಹೇಗೆ ನೇತುಹಾಕಿದ್ದಾರೆ. ಬಹಳ ಉತ್ಸಾಹದಿಂದ ಹೇಳ್ತಾ ಹೋದೆ. ಅಮ್ಮ ಪೂರ್ತಿ ನೋಡಿದಳು. ಆಮೇಲೆ, "ಆ ಹುಡುಗಿಗೆ ಬೇಜಾರಾದ್ರೆ ದೋಣಿ ಮಾರಿ ಅವರಪ್ಪನ ಮನೆಗೆ ಹೋಗ್ತಾಳೆ. ನಾನು ಎಲ್ಲಿಗೆ ಹೋಗ್ಲೇ?" ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಬೇಕು ಅಂತ ಕಡಿಮೆಯಲ್ಲಿ ಇರೋದಕ್ಕೂ, ಬೇರೆ ದಾರಿ ಇಲ್ಲದೆ ಕಡಿಮೆಯಲ್ಲಿ ಇರೋದಕ್ಕೂ ಬಹಳ ವ್ಯತ್ಯಾಸ ಇದೆ. ಎರಡು ತಿಂಗಳು ಎಕ್ಸೆಲ್‌ನಲ್ಲಿ ಕೂತರೂ ನನಗೆ ಅದು ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಮನೆ ಗುಡಿಸಿದವಳಿಗೆ ಈರುಳ್ಳಿ ಬಲೆ ತೋರಿಸ್ತಿದ್ದೆ ನಾನು.

ಸ್ವಲ್ಪ ಹೊತ್ತು ಬಿಟ್ಟು ಅಮ್ಮನೇ, "ಅವ್ರು ಬೆಕ್ಕಿಗೆ ಮೀನು ಹಿಡಿದು ಹಾಕ್ತಾರೇನೇ?" ಅಂತ ಕೇಳಿದಳು. ಹೂಂ ಅಂದೆ. "ಪುಣ್ಯ ಮಾಡಿದಾವೆ" ಅಂದು ಲೈಟ್ ಆರಿಸಿದಳು.

ಮರುದಿನ ಬೆಳಗ್ಗೆ ಅಪ್ಪನಿಗೆ, "ಬಾ, ಬೋಂಡನ್ನ ಕರ್ಕೊಂಡು ಬರೋಣ" ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನಂಗೆ ಸ್ಕೂಟರ್ ಓಡಿಸೋಕೆ ಬರಲ್ಲ, ನೀನೇ ಬರಬೇಕು" ಅಂದೆ. ಎದ್ದ. ತರಕಾರಿ ಬುಟ್ಟಿಗೆ ಹಳೇ ಸೀರೆ ಹಾಸಿ, ಇನ್ನೊಂದು ಬುಟ್ಟಿ ಮುಚ್ಚಳ ಮಾಡಿ, ಹಗ್ಗ ತಗೊಂಡು ಹೊರಟ್ವಿ.

ನಮ್ಮ ಹಳೇ ಬೀದಿಯ ತಿರುವಿನಲ್ಲಿ ಒಂದು ಟೈಲರ್ ಅಂಗಡಿ. ಅಲ್ಲಿ ಅಪ್ಪ ಸ್ಕೂಟರ್ ನಿಲ್ಲಿಸಿದ. "ನೀನು ಹೋಗಿ ಬಾ" ಅಂದ. ನಾನು ಏನೂ ಕೇಳಲಿಲ್ಲ.

ಗೇಟಿಗೆ ಹೊಸ ಬಣ್ಣ ಬಂದಿತ್ತು. ನುಗ್ಗೆ ಮರ ಇರಲಿಲ್ಲ. ಬೋಂಡ ಕಾಂಪೌಂಡ್ ಮೇಲೆ, ಯಾವಾಗಲೂ ಕೂರ್ತಿದ್ದ ಅದೇ ಮೂಲೆಯಲ್ಲಿ ಕೂತಿದ್ದ. ಹೊಸ ಮನೆಯವರು ಒಳ್ಳೆಯವರು. ಆ ಆಂಟಿ ಹೊರಗೆ ಬಂದು, "ನಿಮ್ದೇನಮ್ಮ? ದಿನಾ ಹಾಲು ಹಾಕ್ತೀನಿ, ಒಳಗೆ ಮಾತ್ರ ಬರಲ್ಲ. ಬಾಗಿಲ ಹತ್ರ ಬರುತ್ತೆ, ನಮ್ಮನ್ನ ನೋಡುತ್ತೆ, ವಾಪಸ್ ಹೋಗುತ್ತೆ" ಅಂದರು. ಕಾಫಿಗೆ ಒಳಗೆ ಕರೆದರು. ಆಗಲ್ಲ ಆಂಟಿ, ಅಪ್ಪ ಕಾಯ್ತಿದ್ದಾರೆ ಅಂದೆ. ಬೋಂಡ ನನ್ನನ್ನ ನೋಡಿ ಕೆಳಗೆ ಹಾರಿ, ಕಾಲಿಗೆ ತಲೆ ಉಜ್ಜಿ, ಸೀದಾ ಮನೆಯ ಬಾಗಿಲಿನ ಕಡೆ ನಡೆದ. ನಾನು ಬಾಗಿಲು ತೆಗೀತೀನಿ ಅಂತ ಅಂದ್ಕೊಂಡನೇನೋ. ಎತ್ತಿ ಬುಟ್ಟಿಗೆ ಹಾಕಿ ಕಟ್ಟುವಷ್ಟರಲ್ಲಿ ಕೈಯೆಲ್ಲ ಗೀರು.

ತಿರುವಿಗೆ ಬಂದಾಗ ಅಪ್ಪ ಬುಟ್ಟಿಯನ್ನ ಎರಡೂ ಕೈಯಲ್ಲಿ ಎತ್ತಿ ತೂಗಿ, "ದಪ್ಪ ಆಗಿದಾನೆ" ಅಂದ. ಅಷ್ಟೇ. ದಾರಿಯುದ್ದಕ್ಕೂ ಬೋಂಡ ಕೂಗ್ತಾನೇ ಇದ್ದ. ಅಪ್ಪ ಸ್ಕೂಟರನ್ನ ದೋಣಿ ಸ್ಪೀಡಲ್ಲಿ ಓಡಿಸಿದ.

ಹೊಸ ಜಾಗಕ್ಕೆ ಬಂದ ಬೆಕ್ಕನ್ನ ಕೆಲವು ವಾರ ಹೊರಗೆ ಬಿಡಬಾರದು. ದೋಣಿಗೆ ಹೊಸದಾಗಿ ಬೆಕ್ಕು ತಂದವರೂ ಮೊದಲು ದಡಕ್ಕೆ ಕಟ್ಟಿರುವಾಗ ಒಳಗೇ ಇಟ್ಟು, ಇದೇ ನಿನ್ನ ಜಾಗ ಅಂತ ಅಭ್ಯಾಸ ಮಾಡಿಸಿ ಆಮೇಲೆ ಹೊರಡ್ತಾರೆ. ಹಾಗಾಗಿ ನಾನು ಅಪ್ಪ ಸೇರಿ ಬಾಲ್ಕನಿಗೆ ನೈಲಾನ್ ಬಲೆ ಕಟ್ಟಿದ್ವಿ. ಗಂಟು ಹಾಕೋದನ್ನ ನಾನು ವಿಡಿಯೋ ನೋಡಿ ಕಲಿತಿದ್ದೆ. ಹಗ್ಗ ಜಾರದ ಒಂದು ಗಂಟು ಅಪ್ಪನಿಗೆ ಹೇಳಿಕೊಟ್ಟೆ. ಅಪ್ಪ ನಾಲ್ಕು ಸಲ ಬಿಚ್ಚಿ ಕಟ್ಟಿ ಕಲಿತ. ಪೇಪರ್ ಬಂಡಲ್ ಕಟ್ಟೋಕೆ ಒಳ್ಳೇದಿತ್ತು ಇದು ಅಂದ. ಆಮೇಲೆ, ಬಂಡಲ್ ಕಟ್ಟೋದು ಇನ್ನಿಲ್ಲ ಅನ್ನೋದು ಇಬ್ಬರಿಗೂ ನೆನಪಾಯ್ತು ಅನ್ಸುತ್ತೆ.

ಆವಾಗಲೇ ನಾನು ಬಿಲ್ಜ್ ವಿಷಯ ಹೇಳಿದ್ದು. ದೋಣಿಯ ಕತೆ ಅಂತಲೇ ಹೇಳಿದೆ: ಪಂಪು, ಬ್ಯಾಟರಿ, ಕೌಂಟರು. ಅಪ್ಪ ಬಲೆ ಎಳೀತಾನೇ ಕೇಳಿಸ್ಕೊಂಡ. ಮುಗಿದ ಮೇಲೆ, "ದಿನಾ ಹಲಗೆ ಎತ್ತಿ ನೋಡ್ಬೇಕು ಅಂತೀಯ" ಅಂದ. ಹೂಂ ಅಂದೆ. "ಎತ್ತೋಕೆ ಹೆದರಿಕೆ ಆಗುತ್ತೆ ಮಗಳೇ" ಅಂದ.

ನಾನು ಹೊರಡೋ ಹಿಂದಿನ ದಿನ ಬೀರುವಿನ ಆ ಖಾನೆ ತೆಗೆದ. ಉಳಿದಿರೋ ಎರಡು ಸಾಲ, ತಿಂಗಳಿಗೆ ಎಷ್ಟು, ಯಾವಾಗ ಮುಗಿಯುತ್ತೆ, ಹೊಸ ಕೆಲಸದಿಂದ ಎಷ್ಟು ಬರುತ್ತೆ (ಅಪ್ಪ ಈಗ ಬೇರೆಯವರ ಪ್ರೆಸ್ಸಿನಲ್ಲಿ ಡಿಸೈನ್ ನೋಡ್ಕೊಳ್ತಾನೆ), ನನ್ನ ಹಾಸ್ಟೆಲ್, ಬೆಕ್ಕಿನ ಊಟ. ನಾನು ದೋಣಿಯ ಶೀಟನ್ನೇ ಕಾಪಿ ಮಾಡಿ ಹೆಡಿಂಗ್ ಬದಲಾಯಿಸಿದೆ. ಪ್ರಿಂಟ್ ತೆಗೆದು ಅಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಲೆಕ್ಕ ಚೆನ್ನಾಗಿಲ್ಲ. ಇನ್ನೂ ನಾಲ್ಕು ವರ್ಷ ಇದೆ. ಆದ್ರೆ ಈಗ ಹಾಲಿಗೆ ಫ್ರಿಜ್ ತೆಗೆದಾಗಲೆಲ್ಲ ಮೂವರಿಗೂ ಕಾಣುತ್ತೆ. ತಿಂಗಳ ಮೊದಲ ಭಾನುವಾರ ಅಮ್ಮ ಅದರ ಫೋಟೋ ನನಗೆ ಕಳಿಸ್ತಾಳೆ.

ಚಿನ್ನು ಮೊದಲ ದಿನವೇ ಹೊಂದಿಕೊಂಡವಳು, ಮಿಕ್ಸಿ ಪಕ್ಕ ಮಲಗ್ತಾಳೆ. ಬೋಂಡ ಮಾರ್ಚ್‌ನಲ್ಲಿ ಬಲೆಯ ಮೂಲೆ ಕಚ್ಚಿ ಹರಿದು ಮತ್ತೊಮ್ಮೆ ಹೋದ. ಈ ಸಲ ಅಪ್ಪ ಅದೇ ದಿನ ಸಂಜೆ ಹೋಗಿ ಕರ್ಕೊಂಡು ಬಂದ. ತಿರುವಿನಲ್ಲಿ ನಿಂತನಾ, ಗೇಟಿನ ತನಕ ಹೋದನಾ ಅಂತ ನಾನು ಕೇಳಿಲ್ಲ.

ಈ ಬರಹ ಕ್ಲಬ್‌ಗೆ ಕಳಿಸೋ ಮೊದಲು ರೂಮ್‌ಮೇಟ್‌ಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಓದೋಕೆ ನನಗಿಂತ ಕಷ್ಟ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಾದ್ರೆ ತಿಳಿ ಹಸಿರು?"

"ಇಲ್ಲ ಕಣೇ."

"ಥೂ ನಿನ್ನ" ಅಂದಳು. ಆಮೇಲೆ ನನ್ನ ಮಂಚಕ್ಕೆ ಬಂದು ಕೂತು, "ಎಲ್ಲಿ, ಬೋಂಡನ ಫೋಟೋ ತೋರ್ಸು" ಅಂದಳು.